ಅಬಚಿಯ ಕೋಣೆಯ ಸ್ಪೀಕರ್ ಡಬ್ಬಿಗಳು

ಎಂಬತ್ತರ ದಶಕದ ನಡುವೆ ನಮ್ಮ ಮನೆಗೆ ನಾಲ್ಕು ಸ್ಪೀಕರಿನ ಸೆಟ್ಟು ಬಂತು. ರಾಯಚೂರಿನಲ್ಲಿ ಟೇಪ್ ರೆಕಾರ್ಡರ್ ಇದ್ದ ಮನೆಗಳಿಗೆ ಕಡಿಮೆಯೇನಿರಲಿಲ್ಲ. ಆದರೆ ಆಂಪ್ಲಿಫೈಯರ್ ಬೇರೆ, ಡೆಕ್ ಬೇರೆ, ಮೊಣಕಾಲೆತ್ತರದ ಕಟ್ಟಿಗೆಯ ಡಬ್ಬಿಗಳು ಬೇರೆ, ಹೀಗೆ ಬಿಡಿಬಿಡಿಯಾಗಿ ಇಟ್ಟು ಕೇಳುವ ಸೆಟ್ಟು ನಮ್ಮ ಓಣಿಗೆ ಅದೇ ಮೊದಲು. ನಮ್ಮ ಮನೆಯವರು ಹೈದರಾಬಾದಿಗೆ ಹೋಗಿ, ಎರಡು ದಿನ ಅಂಗಡಿಯಲ್ಲೇ ಕೂತು ಜೋಡಿಸಿಕೊಂಡು, ರೈಲಿನಲ್ಲಿ ಆಂಪ್ಲಿಫೈಯರನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದರು. ಪಡಸಾಲೆಯಲ್ಲಿ ಅದಕ್ಕೆಂದೇ ಗಾಜಿನ ಕಪಾಟು ಮಾಡಿಸಿದರು. ಕಪಾಟಿಗೆ ಕೀಲಿ, ಕೀಲಿ ಅವರ ಜೇಬಿನಲ್ಲಿ. ಗಾಜು ಒರೆಸುವುದು ಮಾತ್ರ ನನ್ನ ಪಾಲಿಗೆ, ಅದೂ ಹೊರಗಿನಿಂದ.

ಎರಡು ಡಬ್ಬಿ ಪಡಸಾಲೆಗೆ. ಇನ್ನೆರಡು ಹಿಂದಿನ ಕೋಣೆಗೆ, ಅಬಚಿಗೆ.

ಅಬಚಿ ಎಂದರೆ ನಮ್ಮ ಅತ್ತೆಯವರ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮಾನ್ವಿಯಲ್ಲಿ ಅಣ್ಣನ ಮನೆಯಲ್ಲಿದ್ದವರು. ಆ ಅಣ್ಣ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಮಡಿಗೋಲು, ಒಂದು ಸಣ್ಣ ರೇಡಿಯೊ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಅಷ್ಟು ಹೊತ್ತಿಗೆ ನಮ್ಮ ಅತ್ತೆಯವರೂ ಇರಲಿಲ್ಲ. ರೇಡಿಯೊಗೆ ಮೊದಲು ಚರ್ಮದ ಚೀಲವಿತ್ತಂತೆ. ಅದನ್ನು ತೆಗೆದೊಗೆದು, ಹಳೆಯ ಧೋತರದ ಅಂಚಿನಲ್ಲಿ ಗವಸು ಹೊಲಿದಿದ್ದರು. ಕಣ್ಣಿಗೆ ಪೊರೆ ಬಂದು ಪುಸ್ತಕ ಓದುವುದು ನಿಂತಿತ್ತು. ಪಡಸಾಲೆಯಲ್ಲಿ ಹೊರಗಿನವರು ಕೂತಿದ್ದರೆ ಅತ್ತ ಬರುತ್ತಿರಲಿಲ್ಲ, ನಮ್ಮ ಪಡಸಾಲೆಯಲ್ಲಿ ಹೊರಗಿನವರಿಲ್ಲದ ಹೊತ್ತೇ ಇರುತ್ತಿರಲಿಲ್ಲ. ಹೀಗಾಗಿ ಬೆಳಗಿನ ದೇವರನಾಮಗಳೇ ಅವರಿಗೆ ಓದು, ಅವೇ ನೆಂಟರು. ಹಾಡು ಮುಗಿದು ಬಾಜಾರ ಭಾವ ಹೇಳುವ ತನಕ ಕೇಳಿ, ಗವಸಿನೊಳಗೆ ರೇಡಿಯೊ ಇಟ್ಟು ಎದ್ದುಬಿಡುತ್ತಿದ್ದರು.

ಸೆಟ್ಟು ಬಂದ ವಾರದಲ್ಲಿ ನಮ್ಮ ಮನೆಯವರು ಆ ರೇಡಿಯೊ ಬೇಕು ಎಂದರು. ಕೆಲಸದ ಮೇಲೆ ಅವರು ಆಗಾಗ ದೇವದುರ್ಗಕ್ಕೆ ಹೋಗುತ್ತಿದ್ದರು, ಅಲ್ಲಿಯ ಕಚೇರಿಯ ಗೆಳೆಯರೊಬ್ಬರಿಗೆ ಬೇಕಾಗಿತ್ತು. ಹಿಂದೆ ಎರಡು ದೊಡ್ಡ ಡಬ್ಬಿ ಹಾಡುವಾಗ ಈ ಡಬರಿಯಂಥ ರೇಡಿಯೊ ಯಾಕೆ ಎಂದರು. ಅಬಚಿಯ ಹತ್ತಿರ ಹೋಗಿ ಕೇಳುವ ಕೆಲಸ ನನಗೆ ಬಂತು. ನಾನೇ ಹೋಗಿ ಹೇಳಿದೆ. ಅಬಚಿ ರೇಡಿಯೊವನ್ನು ಮಡಿಲಲ್ಲೇ ಇಟ್ಟುಕೊಂಡು ಗವಸಿನ ಅಂಚು ಸರಿ ಮಾಡಿದರು.

“ಇದನ್ನ ಕೊಟ್ಟಮ್ಯಾಲೆ ಅವು ಹಾಡ್ತಾವಲ್ಲವಾ?”

“ಹಾಡ್ತಾವ ಅಬಚಿ. ನಾ ಹೇಳ್ತೀನಲ್ಲ.”

ಈ ಮಾತು ಹೇಳಿದವಳು ನಾನು. ನಮ್ಮ ಮನೆಯವರು ಹೇಳಿದ್ದಲ್ಲ, ಹೈದರಾಬಾದಿನ ಅಂಗಡಿಯವನು ಹೇಳಿದ್ದಲ್ಲ. ರೇಡಿಯೊ ಮರುದಿನವೇ ಗವಸಿನ ಸಮೇತ ದೇವದುರ್ಗದ ಬಸ್ಸು ಹತ್ತಿತು.

ಇನ್ನು ವೈರು. ಪಡಸಾಲೆಯಿಂದ ಹಿಂದಿನ ಕೋಣೆಗೆ ವೈರು ಹೋಗಬೇಕೆಂದರೆ ಅಡಿಗೆಮನೆಯ ಗೋಡೆಯ ಮೇಲೇ ಹೋಗಬೇಕು. ಅದು ಮಡಿಯ ಅಡಿಗೆಮನೆ, ಪಕ್ಕದಲ್ಲೇ ದೇವರು. ವೈರು ಎಳೆಯಲು ಬಂದ ರೇಡಿಯೊ ರಿಪೇರಿಯವರು ಕಲ್ಮಲದ ಕಡೆಯವರು. ಕೂಲಿ ಮಾಡುವ ಮನೆತನದಲ್ಲಿ ಹುಟ್ಟಿ, ಕೆಲಸ ಕಲಿತು, ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿದ್ದರು. ನಲವತ್ತರ ಆಚೀಚೆ ವಯಸ್ಸು, ಸಮಾಧಾನದ ಮನುಷ್ಯ. ಅವರನ್ನು ಅಡಿಗೆಮನೆಯೊಳಗೆ ಬಿಡುವ ಪ್ರಶ್ನೆಯೇ ಇರಲಿಲ್ಲ. ಅವರೂ ಕೇಳಲಿಲ್ಲ. ಸುತ್ತು ಹಾಕಿಕೊಂಡು ಹಿತ್ತಲ ಬಾಗಿಲಿಗೆ ಬಂದು ಹೊಸ್ತಿಲಾಚೆ ನಿಂತರು. ಒಳಗೆ ನಾನು ಒದ್ದೆ ಸೀರೆಯಲ್ಲಿ ಸ್ಟೂಲಿನ ಮೇಲೆ ನಿಂತು, ಅವರು ಹೇಳಿದ ಹಾಗೆ ಮೊಳೆ ಹೊಡೆದೆ, ವೈರಿನ ಸಿಪ್ಪೆ ಕೆತ್ತಿದೆ, ಎಳೆ ಎಳೆ ಹೊಸೆದು ಜೋಡಿಸಿದೆ. ವೈರು ಗಿಡ್ಡವಾಗಿತ್ತು, ಒಲೆಯ ಮೇಲಿನ ಗೋಡೆಯಲ್ಲೇ ಜೋಡು ಬಂತು. ಅದರ ಮೇಲೆ ಸುತ್ತಲು ಅವರು ಕರಿ ಟೇಪು ಎಸೆದರು. ಅಬಚಿ ಅದನ್ನು ದೇವರ ಗೋಡೆಗೆ ಹಚ್ಚಲು ಒಪ್ಪಲಿಲ್ಲ, ಆ ಅಂಟು ಯಾವುದರದೋ ಏನೋ ಎಂದರು. ಕಡೆಗೆ ಮಡಿಯಲ್ಲಿ ಒಣಗಿಸಿದ ಬಟ್ಟೆ ಹರಿದು ಪಟ್ಟಿ ಮಾಡಿ ಸುತ್ತಿದೆ. ರಿಪೇರಿಯವರು ನೋಡಿ ನಕ್ಕರು, ಬೇಡ ಎನ್ನಲಿಲ್ಲ.

ನಾಲ್ಕೂ ಹಾಡಿದವು. ಅಬಚಿ ಗೋಡೆಗೆ ಒರಗಿ, ಎರಡು ಡಬ್ಬಿಗಳ ನಡುವೆ ಕೂತು, ಮೊದಲನೆಯ ದಿನ ಊಟಕ್ಕೂ ತಡ ಮಾಡಿದರು.

ಹತ್ತೋ ಹನ್ನೊಂದೋ ದಿನ ಹಾಡಿದವು, ಆಮೇಲೆ ಹಿಂದಿನವು ಮೂಕವಾದವು. ಮುಂದಿನವು ಎಂದಿನಂತೆ ಓಣಿಗೆಲ್ಲ ಕೇಳುತ್ತಿದ್ದವು. ನಾನು ನಮ್ಮ ಮನೆಯವರಿಗೆ ಹೇಳಿದೆ. ಅವರು ಪೇಪರಿನಿಂದ ಮುಖ ಎತ್ತದೆ, ನಿನ್ನ ಜೋಡು ಸಡಿಲಾಗಿರಬೇಕು ಎಂದರು. ಅದು ನನಗೂ ಸರಿಯೇ ಅನ್ನಿಸಿತು. ದಿನಾ ಬೆಳಿಗ್ಗೆ ಗೋಡೆಗೆ ನೀರು ಹೊಡೆದು ತೊಳೆಯುವ ಅಡಿಗೆಮನೆ, ಟೇಪಿಲ್ಲದ ಜೋಡು, ಕಟ್ಟಿದವಳು ನಾನು. ತಪ್ಪು ನನ್ನದಲ್ಲದೆ ಇನ್ಯಾರದು? ಮಧ್ಯಾಹ್ನ ಪಾತ್ರೆ ಮುಗಿದ ಮೇಲೆ ಸ್ಟೂಲು ಎಳೆದುಕೊಂಡು ಜೋಡು ಬಿಚ್ಚಿದೆ, ಎಳೆಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳ್ಳಗೆ ಮಾಡಿದೆ, ಮತ್ತೆ ಕಟ್ಟಿದೆ. ಸಂಜೆ ಅವರು ಬಂದು ಕಪಾಟು ತೆಗೆದು ಹಚ್ಚಿದರು. ಮುಂದೆ ಹಾಡು, ಹಿಂದೆ ಇಲ್ಲ.

ರಿಪೇರಿಯವರಿಗೆ ಹೇಳಿ ಕಳಿಸಿದೆ. ಬಂದರು. ನಮ್ಮ ಮನೆಯವರು ಕಟ್ಟೆಯ ಮೇಲೆಯೇ ಮಾತಾಡಿಸಿ, ಮುಂದೆಲ್ಲ ಸರಿಯಿದೆ, ಹಿಂದೆ ನೋಡು ಎಂದು ಹಿತ್ತಲಿಗೆ ಕಳಿಸಿದರು. ಅವರು ಹೊಸ್ತಿಲಾಚೆಯಿಂದ ಹೇಳಿದ್ದನ್ನೆಲ್ಲ ಮಾಡಿದೆ. ಇಲಿ ಕಡಿದಿದೆಯೇ ಎಂದು ವೈರಿನ ಉದ್ದಕ್ಕೂ ಬೆರಳಾಡಿಸಿದೆ. ಎಡ ಡಬ್ಬಿಯ ವೈರು ಬಲಕ್ಕೆ, ಬಲದ್ದು ಎಡಕ್ಕೆ. ತಿಂಗಳು ಬಿಟ್ಟು ಎರಡನೆಯ ಸಲ ಬಂದಾಗ ಅವರು, ಹಿಂದಿನ ಒಂದು ಡಬ್ಬಿಯನ್ನು ಪಡಸಾಲೆಗೆ ಒಯ್ದು ಮುಂದಿನದರ ಜಾಗದಲ್ಲಿ ಹಚ್ಚಿ ನೋಡೋಣ, ಡಬ್ಬಿ ಜೀವಂತ ಇದೆಯೋ ಇಲ್ಲವೋ ಒಂದೇ ನಿಮಿಷದಲ್ಲಿ ತಿಳಿಯುತ್ತದೆ ಎಂದರು. ನಮ್ಮ ಮನೆಯವರು ಒಪ್ಪಲಿಲ್ಲ. ಚೆನ್ನಾಗಿ ಹಾಡುವುದಕ್ಕೆ ಕೈ ಹಚ್ಚಬೇಡ ಎಂದರು. ಅಂದು ರಿಪೇರಿಯವರಿಗೆ ಹಿತ್ತಲಲ್ಲಿ ಮೇಲಿನಿಂದ ನೀರು ಹೊಯ್ದೆ. ಬೊಗಸೆ ಹಿಡಿದು ಕುಡಿದು, ಮುಖ ಒರೆಸಿಕೊಂಡು, ಬಿಸಿಲಿನಲ್ಲಿ ಮತ್ತೆ ಸುತ್ತು ಹಾಕಿಕೊಂಡು ಹೋದರು.

ಪಡಸಾಲೆಯ ಗೆಳೆಯರಿಗೆ ಇದೊಂದು ತಮಾಷೆಯಾಯಿತು. ನಾನು ಚಹಾ ತಟ್ಟೆ ಹಿಡಿದು ಬಂದಾಗ ನಮ್ಮ ಮನೆಯವರು ಹೇಳುತ್ತಿದ್ದರು:

“ನಮ್ಮ ಮನ್ಯಾಗ ಮಡಿ ವೈರಿಂಗ್ ಅದರೀ. ಹಾಡು ಸ್ನಾನಾ ಮಾಡದs ಹಿಂದ ಹೋಗೂದಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೀಗೆ ಶ್ರಾವಣ ಹೋಯಿತು, ದೀಪಾವಳಿ ಹೋಯಿತು. ವಾರಕ್ಕೆರಡು ದಿನವಾದರೂ ನಾನು ಆ ವೈರಿನ ಹಿಂದೆ ಬೀಳುತ್ತಿದ್ದೆ. ಅಡಿಗೆಮನೆಯ ಜೋಡು ನೋಡುವುದು, ಅಲ್ಲಿಂದ ಅಬಚಿಯ ಕೋಣೆಗೆ ಹೋಗಿ ಡಬ್ಬಿಯ ಬೆನ್ನಿನ ಸ್ಕ್ರೂ ಬಿಗಿ ಮಾಡುವುದು, ಕೂತು ಯೋಚಿಸುವುದು. ಅಬಚಿ ಹತ್ತಿ ಹಿಂಜುತ್ತ ಬತ್ತಿ ಹೊಸೆಯುತ್ತಿದ್ದರು. ಮಾನ್ವಿಯ ಮನೆಯ ಬಾವಿ, ಅಣ್ಣನ ಸಿಟ್ಟು, ಆರಾಧನೆಯಲ್ಲಿ ತಾವು ಒಳಮನೆಯಿಂದ ಹಾಡಿದರೆ ಪಡಸಾಲೆಯ ಗಂಡಸರು ಮಾತು ನಿಲ್ಲಿಸುತ್ತಿದ್ದುದು, ಎಲ್ಲ ಹೇಳುತ್ತಿದ್ದರು. ನಾನು ಅರ್ಧ ಕೇಳುತ್ತಿದ್ದೆ, ಅರ್ಧ ಗಮನ ಸ್ಕ್ರೂಗಳ ಮೇಲೆ. ಏಳುವಾಗ ಪ್ರತಿ ಸಲ, ನಾಳೆ ಹಾಡ್ತಾವ ಅಬಚಿ ಎನ್ನುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು. ಒಮ್ಮೆಯೂ ರೇಡಿಯೊದ ಮಾತು ತೆಗೆಯಲಿಲ್ಲ. ತೆಗೆದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮೂರನೆಯ ಸಲ ರಿಪೇರಿಯವರು ಬಂದ ದಿನ ನಮ್ಮ ಮನೆಯವರು ದೇವದುರ್ಗದಲ್ಲಿದ್ದರು. ರಿಪೇರಿಯವರು ಬ್ಯಾಟರಿ ದೀಪದಿಂದ ಒಂದು ಸೆಲ್ ತೆಗೆದು ಹೊಸ್ತಿಲ ಮೇಲೆ ಇಟ್ಟರು. ಜೋಡು ಬಿಚ್ಚಿ, ಹಿಂದಕ್ಕೆ ಹೋಗುವ ಎರಡು ಎಳೆಗಳನ್ನು ಸೆಲ್ಲಿನ ಎರಡು ತುದಿಗೆ ಮುಟ್ಟಿಸಿ ತೆಗೆಯಿರಿ, ಕೋಣೆಯಲ್ಲಿ ಸಪ್ಪಳ ಬಂದರೆ ಅಜ್ಜಿಯವರು ಕೂಗಿ ಹೇಳಲಿ ಎಂದರು. ಮುಟ್ಟಿಸಿದೆ. ಒಳಗಿನಿಂದ ಅಬಚಿ, ಟಕ್ ಅಂತವಾ ಎಂದರು. ಮತ್ತೆ ಮುಟ್ಟಿಸಿದೆ. ಮತ್ತೆ ಟಕ್. ಇನ್ನೊಂದು ಡಬ್ಬಿಯೂ ಹಾಗೆಯೇ.

“ಅಕ್ಕಾರ, ಹಿಂದ ಏನೂ ಕೆಟ್ಟಿಲ್ಲರಿ,” ಎಂದರು ರಿಪೇರಿಯವರು. “ತಂತಿ ಚೊಲೊ ಅದ, ಡಬ್ಬಿ ಚೊಲೊ ಅದ. ಈಗ ಮುಂದ ನೋಡಬೇಕು.”

“ಮುಂದ ಹಾಡ್ಲಿಕ್ಕತ್ತದಲ್ಲ?”

“ಹಾಡಾಕತ್ತದರಿ. ಮುಂದಿನವಷ್ಟ ಹಾಡ್ರಿ ಅಂತ ಹೇಳಿಟ್ರ ಅಷ್ಟ ಹಾಡ್ತಾವ.”

ನಾನೇ ಅವರನ್ನು ಪಡಸಾಲೆಗೆ ಕರೆದೆ. ಚಪ್ಪಲಿ ಬೀದಿಯಲ್ಲೇ ಬಿಟ್ಟು, ಟವೆಲಿನಲ್ಲಿ ಕಾಲು ಒರೆಸಿಕೊಂಡು ಬಂದರು. ಕಪಾಟಿಗೆ ಕೀಲಿ ಇತ್ತು. ಮೊಣಕಾಲೂರಿ ಕೂತು, ಗಾಜಿಗೆ ಎರಡೂ ಕೈ ಅಡ್ಡ ಹಿಡಿದು ಒಳಗೆ ನೋಡಿದರು. ಆಂಪ್ಲಿಫೈಯರಿನ ಬಲಗಡೆಯ ತುದಿಯಲ್ಲಿ ಒಂದು ಗುಂಡಿ. ಅದನ್ನು ಒಂದು ಕಡೆ ತಿರುವಿದರೆ ಮುಂದಿನವು, ಇನ್ನೊಂದು ಕಡೆ ತಿರುವಿದರೆ ಹಿಂದಿನವು, ನಡುವೆ ನಿಲ್ಲಿಸಿದರೆ ನಾಲ್ಕೂ. ಅದು ಮುಂದಿನವುಗಳ ಮೇಲೆ ನಿಂತಿತ್ತು.

“ಯಾರೋ ತಿರಿವಿ ಇಟ್ಟಾರ್ರಿ,” ಎಂದು ಮೆಲ್ಲಗೆ ಹೇಳಿ ಎದ್ದರು. ಕೀಲಿ ಒಬ್ಬರ ಜೇಬಿನಲ್ಲಿಯೇ ಇತ್ತು. ಬಾಗಿಲ ಹತ್ತಿರ ನಿಂತು, ಮೊದಲನೆಯ ದಿನವೇ ಇಲ್ಲಿಗೆ ಕರೆದಿದ್ದರೆ ನಿಮಗೆ ಇಷ್ಟು ತ್ರಾಸ ಇರುತ್ತಿರಲಿಲ್ಲ ಎಂದರು. ನನ್ನ ತ್ರಾಸದ ಮಾತು ಮಾತ್ರ ಆಡಿದರು, ತಮ್ಮದನ್ನು ಆಡಲಿಲ್ಲ.

ನಮ್ಮ ಮನೆಯವರು ಮರುದಿನ ಸಂಜೆ ಬಂದರು. ಚಹಾ ಕೊಟ್ಟು, ಗುಂಡಿಯ ವಿಷಯ ಕೇಳಿದೆ. ಅವರು ಮುಚ್ಚಿಡಲೂ ಇಲ್ಲ. ನಾಲ್ಕೂ ಹಚ್ಚಿದರೆ ಮುಂದಿನವುಗಳ ದನಿ ಸಪ್ಪಗಾಗುತ್ತದೆ, ಯಾರೋ ಗೆಳೆಯರು ಹೇಳಿ ತೋರಿಸಿದರು, ಅವತ್ತೇ ತಿರುಗಿಸಿದೆ ಎಂದರು.

“ಮತ್ತ ಇಷ್ಟು ದಿನ ನಾ ಸ್ಟೂಲ್ ಹತ್ತಿ ಇಳ್ಯೂದು ನೋಡಿದ್ರಿ. ಆ ಮನಷ್ಯಾನ್ನ ಎರಡು ಸರ್ತಿ ಬಿಸಿಲಾಗ ಹಿಂದ ಕಳಿಸಿದ್ರಿ.”

“ಹೇಳಿದ್ರ ನೀ ಜಗಳಾ ತಗೀತಿದ್ದಿ. ನಾಕು ದಿನ ನೋಡಿ ನೀನs ಬಿಡ್ತಿ ಅಂತ ಮಾಡಿದ್ದೆ.”

ಅಷ್ಟೇ ಇತ್ತು ಅವರ ಮಾತು. ಅವರು ಕೆಟ್ಟವರಲ್ಲ, ಮನೆಯಲ್ಲಿ ಯಾರಿಗೂ ಕೈ ಎತ್ತಿದವರಲ್ಲ. ಹಿಂದಿನ ಕೋಣೆಯಲ್ಲಿ ಒಬ್ಬರು ಹಾಡಿಲ್ಲದೆ ಕೂತಿದ್ದಾರೆ ಎಂಬುದು ಅವರ ಕಿವಿಗೆ ದನಿ ಸಪ್ಪಗಾದದ್ದಕ್ಕಿಂತ ಸಣ್ಣದಾಗಿ ಕಂಡಿತ್ತು. ರೇಡಿಯೊ ವಾಪಸು ತನ್ನಿ ಎಂದೆ. ಕೊಟ್ಟದ್ದನ್ನು ಕೇಳಲಾಗದು ಎಂದರು. ಮೂರು ದಿನ ಉಪ್ಪು ಬೇಕೇ, ಸಾರು ಬೇಕೇ ಎಂಬುದನ್ನು ಬಿಟ್ಟರೆ ಬೇರೆ ಮಾತು ನನಗೂ ಅವರಿಗೂ ಇರಲಿಲ್ಲ. ಕಡೆಗೆ ಅವರೇ ಕೀಲಿ ತಂದು ಒಲೆಯ ಕಟ್ಟೆಯ ಮೇಲಿಟ್ಟು, ಬೆಳಿಗ್ಗೆ ಆರರಿಂದ ಏಳರ ತನಕ ನಾಲ್ಕೂ ಹಾಡಲಿ, ಆಮೇಲೆ ಪೇಪರು ಬರುತ್ತದೆ, ಜನ ಬರುತ್ತಾರೆ ಎಂದರು.

ಮರುದಿನ ಆರಕ್ಕೆ ಗುಂಡಿ ತಿರುಗಿಸಿ ಹಿಂದಕ್ಕೆ ಓಡಿದೆ. ಎರಡೂ ಡಬ್ಬಿಗಳು ಹಾಡುತ್ತಿದ್ದವು. ಅಬಚಿ ಬತ್ತಿ ಹೊಸೆಯುತ್ತ ಕೂತಿದ್ದರು, ತಲೆ ಎತ್ತಲಿಲ್ಲ. ಗುಂಡಿಯ ಕಥೆಯನ್ನೆಲ್ಲ ಹೇಳಿದೆ, ನನ್ನ ಸಿಟ್ಟು ಅವರಿಗೂ ಬರಲಿ ಎಂದು.

“ನನಗ ಗೊತ್ತಿತ್ತವಾ,” ಎಂದರು.

ಡಬ್ಬಿಗಳು ಸುಮ್ಮನಾದ ಸಂಜೆ, ಹಾಡಿನ ನಡುವೆಯೇ ಎರಡರಲ್ಲೂ ಟಪ್ ಎಂದು ಸಪ್ಪಳವಾಗಿ ಒಮ್ಮೆಲೇ ನಿಂತಿತಂತೆ. ಅದೇ ಹಾಡು ಪಡಸಾಲೆಯಲ್ಲಿ ಮುಂದುವರಿಯಿತಂತೆ. ಕಣ್ಣಿಲ್ಲದವರ ಕಿವಿ, ಅಲ್ಲಿ ಯಾರೋ ಬಂದ್ ಮಾಡಿದರು ಎಂದು ಅವತ್ತೇ ತಿಳಿದುಕೊಂಡಿತ್ತು.

“ಮತ್ತ ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀ ಇಲ್ಲಿ ಬಂದು ಕೂಡ್ತಿದ್ದಿಲ್ಲ.” ಬತ್ತಿಯನ್ನು ತಟ್ಟೆಯಲ್ಲಿಟ್ಟು ಇನ್ನೊಂದಕ್ಕೆ ಹತ್ತಿ ತೆಗೆದುಕೊಂಡರು. “ಬಂದ್ರ ಒಂದ್ ತಾಸು ಕೂಡ್ತಿದ್ದಿ. ಎರಡ್ ಮಾತಾಡ್ತಿದ್ದಿ.”

ಈಗ ಬರೆಯುವಾಗ ಆ ಮಾತು ಕೇಳಿ ನನ್ನ ಕರುಳು ಚುರುಕ್ ಎಂದಿತು ಎಂದು ಬರೆಯಬಹುದು. ಹಾಗಾಗಲಿಲ್ಲ. ನನಗೆ ಬಂದದ್ದು ಸಿಟ್ಟು. ಆರು ತಿಂಗಳು ಸ್ಟೂಲು ಹತ್ತಿ ಕತ್ತು ನೋಯಿಸಿಕೊಂಡವಳು ನಾನು, ನಗೆಗೀಡಾದವಳು ನಾನು, ತಪ್ಪು ನನ್ನದೆಂದು ರಾತ್ರಿ ನಿದ್ದೆಗೆಟ್ಟವಳು ನಾನು. ಮನೆಯಲ್ಲಿ ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಒಬ್ಬರು ಜಗಳ ಬೇಡವೆಂದು ಸುಮ್ಮನಿದ್ದರು, ಇನ್ನೊಬ್ಬರು ಮಾತು ಬೇಕೆಂದು. ಎದ್ದು ಬಂದೆ. ಆಮೇಲೆ ದಿನಾ ಆರಕ್ಕೆ ಗುಂಡಿ ತಿರುಗಿಸುತ್ತಿದ್ದೆ, ಏಳಕ್ಕೆ ವಾಪಸು ತಿರುಗಿಸುತ್ತಿದ್ದೆ, ಹಿಂದೆ ಟಪ್ ಎನ್ನುವುದು ತಿಳಿದೇ ತಿರುಗಿಸುತ್ತಿದ್ದೆ. ಕೋಣೆಗೆ ಹೋಗಲು ಈಗ ನನಗೆ ಕೆಲಸವಿರಲಿಲ್ಲ. ಊಟದ ತಟ್ಟೆ ಇಟ್ಟು ಬರುತ್ತಿದ್ದೆ. ಅಬಚಿ ಒಂದೆರಡು ಸಲ, ಎಡಗಡೆಯದು ಸ್ವಲ್ಪ ಸಣ್ಣಗೆ ಕೇಳುತ್ತದೆ, ಸ್ಕ್ರೂ ನೋಡು ಎಂದರು. ನಿಂತುಕೊಂಡೇ ಕೇಳಿ, ಸರಿಯೇ ಇದೆ ಎಂದು ಹೇಳಿ ಬಂದೆ. ಸರಿಯೇ ಇತ್ತು.

ಯುಗಾದಿ ಕಳೆದ ಮೇಲೆ ಅವರು ತಾವಾಗಿ ಮಾನ್ವಿಗೆ ಹೋಗುತ್ತೇನೆ ಎಂದರು, ಅಣ್ಣನ ಮಗ ಹೊಸದಾಗಿ ಹೂಡಿದ ಮನೆಗೆ. ಆ ಹುಡುಗನ ಮದುವೆಯಾಗಿ ವರ್ಷವಾಗಿತ್ತು, ಒಮ್ಮೆಯೂ ನಾವು ಅಲ್ಲಿಗೆ ಹೋಗಿರಲಿಲ್ಲ. ಇರ್ರಿ ಎಂದು ನಾನು ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂಡಿಸಿ, ಟ್ರಂಕನ್ನು ಕಾಲ ಬುಡದಲ್ಲಿ ಇಟ್ಟು ಇಳಿಯುವಾಗ, ಅಬಚಿ ನನ್ನ ಸೆರಗು ಹಿಡಿದು ನಿಲ್ಲಿಸಿದರು.

“ಅವರ ಮನ್ಯಾಗ ರೇಡಿಯೊ ಅದ ಏನವಾ?”

ಅದ ಎಂದೆ. ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.