ತಂಗಿಗೆ ಬರೆದ ಕಾಯಿಲೆ

ಆಸ್ಪತ್ರೆಯ ಬಿಲ್ಲಿಂಗ್ ಕೋಣೆಯಲ್ಲಿ ಅವಳನ್ನು ಎಲ್ಲರೂ ಕೋಡಮ್ಮ ಎನ್ನುತ್ತಿದ್ದರು. ಆ ಹೆಸರಿಟ್ಟವರು ಯಾರೋ, ಇಟ್ಟದ್ದಂತೂ ಸರಿಯಾಗಿಯೇ ಇತ್ತು. ನೆಗಡಿಯಿಂದ ಹಿಡಿದು ಮುರಿದ ಸೊಂಟದವರೆಗೆ ಯಾವ ಕಾಯಿಲೆಗೆ ವಿಮೆಯ ಬಿಲ್ಲಿನಲ್ಲಿ ಯಾವ ಕೋಡ್ ಹಾಕಬೇಕೆಂದು ಕೇಳಿದರೆ ಸಾಕು, ಕೈಯಲ್ಲಿದ್ದ ಟೀ ಲೋಟ ಕೆಳಗಿಡದೆ ಹೇಳಿಬಿಡುತ್ತಿದ್ದಳು. ಯಾರಾದರೂ ಮದುವೆಯ ಮಾತೆತ್ತಿದರೆ, "ಅದಕ್ಕೆ ಕೋಡ್ ಇಲ್ಲ, ಬಿಲ್ ಪಾಸಾಗಲ್ಲ" ಎಂದು ನಗಿಸುತ್ತಿದ್ದಳು. ತಾಯಿ ತೀರಿಕೊಂಡಾಗ ತಂಗಿ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅವಳನ್ನು ಸಾಕಿ, ಓದಿಸಿ, ಒಂದು ದಡ ಮುಟ್ಟಿಸುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ಎಲ್ಲೋ ಜಾರಿಹೋಗಿತ್ತು. ಅದಕ್ಕಾಗಿ ಅವಳು ಕೊರಗಿದ್ದಿಲ್ಲ.

ಆ ಕೋಣೆಯಲ್ಲೊಂದು ರೂಢಿಯಿತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡುತ್ತಾರಲ್ಲ, ತೀರಾ ಮಾಮೂಲಿ ಪರೀಕ್ಷೆ ಅದು. ಪರೀಕ್ಷೆಗೊಂದು ಕೋಡ್, ಅದನ್ನು ಮಾಡಿಸಿದ ಕಾರಣಕ್ಕೊಂದು ಕೋಡ್. ಚೀಟಿಯಲ್ಲಿ ಕಾರಣ ಬರೆಯುವಷ್ಟು ಪುರುಸೊತ್ತು ಡಾಕ್ಟರುಗಳಿಗೆ ಎಲ್ಲಿಂದ ಬರಬೇಕು? 'ಸುಮ್ಮನೆ ತಪಾಸಣೆ' ಎಂಬ ಕೋಡ್ ಹಾಕಿದರೆ ವಿಮಾ ಕಂಪನಿ ಬಿಲ್ಲನ್ನು ಹೋದಷ್ಟೇ ವೇಗದಲ್ಲಿ ಹಿಂದಕ್ಕೆ ಕಳಿಸುತ್ತಿತ್ತು. ಹಾಗಾಗಿ ಕಾರಣ ಖಾಲಿಯಿದ್ದರೆ ಕಣ್ಣು ಮುಚ್ಚಿಕೊಂಡು 'ಮೂತ್ರಪಿಂಡದ ಕಾಯಿಲೆ' ಎಂದು ಹಾಕುವುದು. ಬಿಲ್ ಪಾಸು, ರೋಗಿಗೆ ಓಡಾಟವಿಲ್ಲ, ಯಾರಿಗೇನು ನಷ್ಟ? ಹೊಸದಾಗಿ ಕೆಲಸಕ್ಕೆ ಬಂದವರಿಗೆ ಕೋಡಮ್ಮನೇ ಇದನ್ನು ಕಲಿಸಿಕೊಡುತ್ತಿದ್ದಳು. ಇಲ್ಲದವರಿಗೆ ಕಾಯಿಲೆ ಅಂಟಿಸುತ್ತಿದ್ದೇವೆ ಎಂದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ಎಂದರೆ ನಾನು ನಂಬುವುದಿಲ್ಲ. ಹೊಳೆದದ್ದನ್ನು ಪಕ್ಕಕ್ಕೆ ಸರಿಸಿದ್ದರು, ಅಷ್ಟೇ.

ತಂಗಿಗೆ ಮಕ್ಕಳಾಗಲಿಲ್ಲ. ಅವಳೂ ಗಂಡನೂ ಅನಾಥಾಲಯದ ಎರಡು ವರ್ಷದ ಹೆಣ್ಣುಮಗುವೊಂದನ್ನು ದತ್ತು ಪಡೆಯಲು ಅರ್ಜಿ ಹಾಕಿದರು. ಮೊದಲ ಭೇಟಿಯಲ್ಲೇ ಆ ಪುಟ್ಟಿ ತಂಗಿಯ ಕನ್ನಡಕ ಕಿತ್ತುಕೊಂಡು ತಾನೇ ಹಾಕಿಕೊಂಡಿತಂತೆ. ಅಂದಿನಿಂದ ತಂಗಿಯ ಬಾಯಲ್ಲಿ ಬೇರೆ ಮಾತೇ ಇಲ್ಲ. ಮನೆಗೆ ಪುಟ್ಟ ಮಂಚ ಬಂತು, ಮೆಟ್ಟಿಲಿಗೆ ಅಡ್ಡಗೇಟು ಬಂತು. ಹಳೇ ದುಃಖವೆಲ್ಲ ಕಳೆಯಿತೆಂದು ಕೋಡಮ್ಮನಿಗೂ ಹಿಗ್ಗೋ ಹಿಗ್ಗು.

ಒಂದು ಸಂಜೆ ತಂಗಿ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. "ಅಕ್ಕಾ, ನಂಗೆ ಕಿಡ್ನಿ ಕಾಯಿಲೆ ಇದ್ಯಂತೆ! ದತ್ತು ಕಚೇರಿಯೋರು ವಿಮೆ ಕಂಪನಿಯಿಂದ ತರಿಸ್ಕೊಂಡ ದಾಖಲೆಯಲ್ಲಿ ಹಾಗಿದ್ಯಂತೆ. ಯಾಕೆ ಮುಚ್ಚಿಟ್ರಿ ಅಂತ ನನ್ನೇ ಬೈದ್ರು. ಆ ದಾಖಲೆ ಬದಲಾಗೋವರ್ಗೂ ನಮ್ಮ ಅರ್ಜಿ ಮುಂದಕ್ಕೆ ಹೋಗಲ್ವಂತೆ."

ಆ ಕಾಯಿಲೆ ಎಲ್ಲಿಂದ ಬಂತೆಂದು ಕೋಡಮ್ಮನಿಗೆ ಕೂಡಲೇ ಹೊಳೆಯಿತು. ಹಿಂದಿನ ವರ್ಷ ತಂಗಿ ಇದೇ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡಿದ್ದಳು. ಪ್ರೋಟೀನ್ ಪರೀಕ್ಷೆಯಲ್ಲಿ ಏನೂ ತೊಂದರೆ ಕಂಡಿರಲಿಲ್ಲ. "ಏನೋ ತಪ್ಪಾಗಿರುತ್ತೆ ಬಿಡು, ನಾನು ನೋಡ್ತೀನಿ" ಎಂದಳು. ನಿಜ ಹೇಳಲು ನಾಲಿಗೆ ಹೊರಳಲಿಲ್ಲ.

ಮರುದಿನವೇ ಡಾಕ್ಟರ ಬಳಿ ಓಡಿದಳು. ಅವರು "ಅಷ್ಟೇ ತಾನೇ?" ಎಂದು ನಕ್ಕು, ಕಾಯಿಲೆಯಿಲ್ಲವೆಂದು ಬರೆದುಕೊಟ್ಟರು. ವಿಮಾ ಕಂಪನಿಯವರು ನಗಲಿಲ್ಲ. ಪಾಸಾದ ಬಿಲ್ಲಿನಲ್ಲಿರುವ ಕಾಯಿಲೆಯನ್ನು ಅಳಿಸಬೇಕಾದರೆ ಅವರಲ್ಲಿ ಸಮಿತಿ ಕೂರಬೇಕಂತೆ. ಕೇಳಿದಾಗಲೆಲ್ಲ "ಪರಿಶೀಲನೆಯಲ್ಲಿದೆ ಮೇಡಂ" ಎಂಬ ಒಂದೇ ರಾಗ. ಕೋಡಮ್ಮ ಗೋಗರೆದಳು, ಜಗಳವಾಡಿದಳು, ಅನ್ನ ನೀರು ಸೇರದೆ ಒದ್ದಾಡಿದಳು. ಸಮಿತಿ ಕೂತು ಏಳುವ ಹೊತ್ತಿಗೆ, ಸರದಿಯಲ್ಲಿ ಇವರ ಹಿಂದಿದ್ದ ದಂಪತಿಗೆ ಮಗುವನ್ನು ಕೊಟ್ಟಾಗಿತ್ತು.

ಅವಳು ತಂಗಿಯ ಮನೆಗೆ ಹೋದಾಗ ತಂಗಿಯ ಗಂಡ ಆ ಪುಟ್ಟ ಮಂಚದ ಸ್ಕ್ರೂ ಬಿಚ್ಚುತ್ತಿದ್ದ. ತಂಗಿ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು.

"ಯಾವನೋ ಹಾಳಾದೋನು ಕಣ್ಣು ಮುಚ್ಕೊಂಡು ಬರ್ದಿದಾನೆ ಅಕ್ಕ. ಅವನ ಕೈ ಸೇದಿಹೋಗ!"

"ನಾನೇ ಕಣೇ ಬರ್ದಿದ್ದು" ಎಂದಳು ಕೋಡಮ್ಮ.

ಸ್ಕ್ರೂ ತಿರುಗಿಸುತ್ತಿದ್ದ ಕೈ ನಿಂತಿತು. ತಂಗಿ ಬೈಯಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಾ, ಅವಳನ್ನು ಪಾರುಮಾಡಲು ತಾನೇ ದಾರಿ ಹುಡುಕುವವಳಂತೆ ಮೆಲ್ಲಗೆ ಕೇಳಿದಳು: "ದಿನಾ ರಾಶಿ ರಾಶಿ ಬಿಲ್ ಬರುತ್ತಲ್ವಾ ನಿಂಗೆ... ನನ್ನ ಹೆಸ್ರು ನೋಡಿರ್ಲಿಲ್ಲ ನೀನು, ಅಲ್ವಾ ಅಕ್ಕ?"

ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನೋಡಿದ್ದೆ" ಎಂದಳು ಕೋಡಮ್ಮ. "ನೋಡಿಯೇ ರಾಶಿಯಿಂದ ಮೇಲಕ್ಕೆ ಎತ್ಕೊಂಡೆ. ನಿಂಗೆ ತೊಂದ್ರೆ ಆಗ್ಬಾರ್ದು ಅಂತ, ಎಲ್ಲರಿಗಿಂತ ಮೊದ್ಲು ನಿಂದೇ ಮಾಡಿ ಕಳಿಸ್ದೆ."