ಸಾಹೇಬರನ್ನು ಸೋಲಿಸುವ ಪಾಠ

ಆ ಭಾನುವಾರ ಬೆಳಿಗ್ಗೆ ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಇದ್ದೆವು. ಅದರಲ್ಲಿ ಒಬ್ಬರು ಇದ್ದದ್ದು ಹೈದರಾಬಾದಿನಲ್ಲಿ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅವರ ಮುಖವಷ್ಟೇ ನಮ್ಮ ಮನೆಗೆ ಬಂದಿತ್ತು. ಅವರು ನಿವೃತ್ತ ಕರ್ನಲ್ ಸಾಹೇಬರು. ಅವರ ಎದುರಿಗೆ ಗುರುಗುಂಟಾದ ಹವಾಲ್ದಾರ, ಅವನೂ ಪೆನ್ಶನ್ ಬಂದವನೇ. ನಡುವೆ ಪಂಚನಾಗಿ ನಾನು, ಸೈನ್ಯದ ಸರಬರಾಜು ದಳದಲ್ಲಿ ಸುಬೇದಾರನಾಗಿ ಮನೆಗೆ ಬಂದವನು. ಬಾಗಿಲಿಗೆ ಒರಗಿ ಮೊರದಲ್ಲಿ ಅಕ್ಕಿ ಆರಿಸುತ್ತ ನನ್ನ ಹೆಂಡತಿ.

ನಾನು ಮಾಡುವ ಕೆಲಸವನ್ನು ಓಣಿಯವರಿಗೆ ತಿಳಿಸಿ ಹೇಳಲು ಇವತ್ತಿಗೂ ಆಗಿಲ್ಲ. ‘ಸುಬೇದಾರ್ರಿಗೆ ಪಗಡಿ ಆಡಿದ್ದಕ್ಕ ಪಗಾರ ಕೊಡ್ತಾರಂತ’ ಎಂದೇ ಸುದ್ದಿ. ಪೂರಾ ಸುಳ್ಳೂ ಅಲ್ಲ. ಹೈದರಾಬಾದಿನ ಒಂದು ಕಂಪನಿಗೆ ನಾವು ಯುದ್ಧದಾಟ ಆಡಿಕೊಡುತ್ತೇವೆ. ಮೊಬೈಲಿನಲ್ಲಿ ಹುಡುಗರು ಢಂ ಢಂ ಎನ್ನಿಸುವ ಆಟವಲ್ಲ ಇದು. ಒಂದು ನಕಾಶೆ ಹಾಸುತ್ತೇವೆ. ನೀಲಿ ನಮ್ಮ ಪಡೆ, ಕೆಂಪು ವೈರಿಯ ಪಡೆ. ಇಬ್ಬರೂ ಪಾಳಿಯ ಪ್ರಕಾರ ನಡೆ ಇಡುತ್ತಾರೆ, ಯಾವ ನಡೆಗೆ ಏನಾಯಿತೆಂದು ಪಂಚ ಹೇಳುತ್ತಾನೆ, ಕೊನೆಗೆ ಎಲ್ಲಿ ಸೋತೆವು, ಯಾಕೆ ಸೋತೆವು ಎಂದು ಕೂತು ವರದಿ ಬರೆಯುತ್ತೇವೆ. ಯಾರೋ ದೊಡ್ಡವರು ಕಾಗದದ ಮೇಲೆ ಒಂದು ಯೋಜನೆ ಮಾಡಿರುತ್ತಾರಲ್ಲ, ಅದು ನೆಲದ ಮೇಲೆ ನಿಲ್ಲುತ್ತದೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳುವುದು. ಬೀಗತನ ಕೂಡುವ ಮುಂಚೆ ನಮ್ಮ ತಾತ ಆ ಊರಿಗೆ ಹೋಗಿ ಬಾವಿಕಟ್ಟೆಯ ಮೇಲೆ ಅರ್ಧ ದಿನ ಸುಮ್ಮನೆ ಕೂತು ಬರುತ್ತಿದ್ದ. ಹೆಚ್ಚು ಕಡಿಮೆ ಅದೇ ಕೆಲಸ.

ಕಂಪನಿಗೆ ಕೆಂಪು ಕಡೆ ಆಡಲು ಒಬ್ಬರು ಬೇಕಾಗಿದ್ದರು. ನಾನು ಹವಾಲ್ದಾರನ ಹೆಸರು ಕೊಟ್ಟೆ. ಕಾಲಾಳು ಪಡೆಯಲ್ಲಿ ಎಲ್ಲರಿಗಿಂತ ಮುಂದೆ ನಡೆದು ದಾರಿ ನೋಡಿಬರುವ ಕೆಲಸ ಮಾಡಿದವನು ಅವನು. ಯಾವ ದಿಬ್ಬದ ಹಿಂದೆ ಏನಿದ್ದೀತು ಎಂದು ಹೇಳುವುದರಲ್ಲಿ ಬಲು ಹುಷಾರು. ಈಗ ಲಿಂಗಸುಗೂರಿನ ಒಂದು ಅರಿವೆ ಅಂಗಡಿಯಲ್ಲಿ ಬಂದವರಿಗೆ ಗಾಜಿನ ಬಾಗಿಲು ತೆಗೆಯುತ್ತಿದ್ದ. “ಸಾಬ್, ಬಾಗಲಾ ತಗದು ಹಾಕಿ, ತಗದು ಹಾಕಿ, ನನ್ನ ತಲಿನೂ ಒಂದು ಬಾಗಲಾ ಆಗೈತ್ರಿ. ಒಳಗ ಯಾರೂ ಇಲ್ಲ” ಎಂದು ನಗುತ್ತಲೇ ಹೇಳಿದ್ದ. ನಗುವಿನ ಹಿಂದೆ ಏನಿತ್ತೆಂದು ನನಗೆ ಗೊತ್ತು. ಈ ಕೆಲಸ ಅವನಿಗೆ ಸಿಗಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಆ ಭಾನುವಾರದ್ದು ಅವನ ಪರೀಕ್ಷೆ. ಕರ್ನಲ್ ಸಾಹೇಬರ ಮುಖ ಪರದೆಯ ಮೇಲೆ ಮೂಡಿದ ಕೂಡಲೇ ಹವಾಲ್ದಾರ ಎದ್ದು, ಕವಾಯತಿನ ‘ಸಾವಧಾನ್’ ಕೂಗಿದಂತೆ ಸೆಟೆದು ನಿಂತುಬಿಟ್ಟ. ಕ್ಯಾಮೆರಾಕ್ಕೆ ಅವನ ಸೊಂಟ ಮಾತ್ರ ಕಾಣುತ್ತಿತ್ತು. ಸಾಹೇಬರು ಹಿಂದಿಯಲ್ಲಿ, “ಬೆಲ್ಟ್ ಚೆನ್ನಾಗಿ ಪಾಲಿಶ್ ಆಗಿದೆ ಹವಾಲ್ದಾರ್ ಜೀ, ಮುಖವನ್ನೂ ಸ್ವಲ್ಪ ತೋರಿಸಿ” ಎಂದರು. ಹೆಂಡತಿ ಮೊರ ಅಡ್ಡ ಹಿಡಿದು ನಕ್ಕಳು.

ಆಟ ಸುರುವಾಯಿತು. ಇಬ್ಬರ ಮುಂದೆಯೂ ಒಂದೇ ನಕಾಶೆ, ನಮ್ಮದನ್ನು ಕ್ಯಾಮೆರಾಕ್ಕೆ ಕಾಣುವಂತೆ ಹಾಸಿದ್ದೆವು. ಸಾಹೇಬರದು ನೀಲಿ, ಇವನದು ಕೆಂಪು. ಸಾಹೇಬರ ಪಡೆ ಬಲು ಜೋರಾಗಿ ಮುಂದೆ ಬಂತು. ಬರುವ ಭರದಲ್ಲಿ ಅವರ ಹಿಂದಿನ ರಸ್ತೆ, ಊಟ, ಡೀಸೆಲ್ ಬರುವ ರಸ್ತೆ, ಕಾವಲಿಲ್ಲದೆ ಬಿತ್ತು. ಹವಾಲ್ದಾರನ ಬೆರಳು ನೇರ ಆ ರಸ್ತೆಯ ಮೇಲೇ ಹೋಯಿತು. ನನಗೆ ಒಳಗೊಳಗೇ ಖುಷಿ. ಆದರೆ ಬಿಸಿ ಹಂಚು ಮುಟ್ಟಿದವನಂತೆ ಬೆರಳು ಹಿಂದಕ್ಕೆ ಬಂತು. ಪಡೆಯನ್ನು ಒಂದು ಬರಿಗುಡ್ಡದ ಮೇಲೆ ಸುಮ್ಮನೆ ಕೂರಿಸಿದ. ಸಾಹೇಬರು ಬಂದರು, ಗೆದ್ದರು, ಆಟ ಮುಗಿಯಿತು.

ನಾನು ಮೆಲ್ಲಗೆ ಕೇಳಿದೆ: “ರಸ್ತಾ ಖುಲ್ಲಾ ಇತ್ತಲ್ಲೋ. ಯಾಕ ಕಟ್ ಮಾಡ್ಲಿಲ್ಲ?”

“ಸಾಹೇಬ್ರ ರಸ್ತಾ ಐತಲ್ರಿ ಅದು,” ಎಂದ. “ಹೆಂಗ ಮುಚ್ಚೋದ್ರಿ?”

ಸಾಹೇಬರಿಗೆ ಕನ್ನಡ ಬಾರದು, ಆದರೆ ಹಿಂದಕ್ಕೆ ಸರಿದ ಬೆರಳನ್ನು ಅವರೂ ನೋಡಿದ್ದರು. ಬೈಯಲಿಲ್ಲ. “ನೀವು ಇಲ್ಲಿ ನನಗೆ ಮರ್ಯಾದೆ ಕೊಟ್ಟರೆ, ಅದರ ಬೆಲೆಯನ್ನು ಅಲ್ಲಿ ಗುಡ್ಡದ ಮೇಲೆ ಯಾರದೋ ಮಗ ಕಟ್ಟುತ್ತಾನೆ. ವೈರಿ ನನಗೆ ಸೆಲ್ಯೂಟ್ ಹೊಡೆಯುವುದಿಲ್ಲ” ಎಂದರು. ಮುಂದಿನ ತಿಂಗಳ ಮೊದಲ ಭಾನುವಾರ ಇನ್ನೊಮ್ಮೆ ನೋಡೋಣ, ಆಗಲೂ ಹೀಗೇ ಆದರೆ ಬೇರೆಯವರನ್ನು ಕರೆಯಬೇಕಾಗುತ್ತದೆ ಎಂದೂ ಹೇಳಿದರು.

ಅಲ್ಲಿಂದ ನಮ್ಮ ತಾಲೀಮು ಸುರುವಾಯಿತು. ಅಂಗಡಿ ಡ್ಯೂಟಿ ಮುಗಿಸಿ ಹವಾಲ್ದಾರ ಸಂಜೆ ಬಸ್ಸಿಗೆ ಮಸ್ಕಿಗೆ ಬರುತ್ತಿದ್ದ. ಜಮಖಾನೆಯ ಮೇಲೆ ನಮ್ಮ ಸೀಮೆಯದೇ ನಕಾಶೆ ಹಾಸಿದೆವು. ನನ್ನ ಲಾರಿಗಳು ಲಿಂಗಸುಗೂರಿನಿಂದ ಹೊರಟು ಮಸ್ಕಿ ದಾಟಿ ಸಿಂಧನೂರು ಸೇರಬೇಕು, ಅವನು ತಡೆಯಬೇಕು. ನನ್ನ ಪಡೆಗೆ ಶೇಂಗಾಬೀಜ, ಅವನ ಪಡೆಗೆ ಪುಠಾಣಿ. ವಿಚಾರ ಮಾಡುತ್ತ ಮಾಡುತ್ತ ನಾನು ನನ್ನ ಮೀಸಲು ಪಡೆಯನ್ನೇ ತಿಂದುಬಿಟ್ಟಿದ್ದೆ. ಆದರೂ ಅವನು ಸೋತ! ಸಾಧ್ಯವೇ ಇಲ್ಲದ ಸೋಲು ಅದು. ಮರುದಿನವೂ ಸೋತ.

ನನಗೆ ರೇಗಿತು. “ಇದು ಹುಕುಂ. ನನ್ನ ಸೋಲಿಸು!” ಎಂದೆ.

“ಆಗ್ಲಿ ಸಾಬ್” ಎಂದು ನೆಟ್ಟಗೆ ಕೂತ. ಒಂದೊಂದು ನಡೆಗೂ ಅಪ್ಪಣೆ ಕೇಳತೊಡಗಿದ. “ಸಾಬ್, ಹಳ್ಳದ ಬ್ರಿಜ್ ಒಡೀಲೇನ್ರಿ?” “ಸಾಬ್, ನಿಮ್ಮ ಲಾರಿ ಸುಡಲೇನ್ರಿ?” “ಸಾಬ್, ನಿಮಗ ತ್ರಾಸ ಇಲ್ಲಲ್ರಿ?” ಇಂಥ ವೈರಿಯನ್ನು ಇಟ್ಟುಕೊಂಡು ಯಾವ ದೇಶ ಏನು ಕಲಿಯಬೇಕು?

ಆಟವೇ ಮರೆತಿದ್ದಾನೇನೋ ಎಂಬ ಅನುಮಾನ ನನಗೆ. ಅದನ್ನು ನೋಡಲು ಮುಕ್ಕುಂದದ ಒಬ್ಬ ನಾಯಕ್‌ನನ್ನು ಕರೆಸಿದೆ. ಈಗ ಭತ್ತ ಬೆಳೆಯುವ ಅವನು ಸೈನ್ಯದಲ್ಲಿ ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗಿದ್ದವನು. ಚಹಾ ಕುದಿಯುವುದರೊಳಗೆ ನಮ್ಮ ಹವಾಲ್ದಾರ ಅವನನ್ನು ನಕಾಶೆಯಿಂದಲೇ ಗುಡಿಸಿ ಹಾಕಿದ. ನಾಯಕ್ ಟೋಪಿ ಝಾಡಿಸಿ, “ನಾ ಬಂದಿದ್ದು ಚಾಕ್ಕೇನ್ರಿ, ಹೊಡತಕ್ಕೇನ್ರಿ?” ಎಂದು ಕೇಳಿದ. ಕೈ ಮರೆತಿರಲಿಲ್ಲ. ತಲೆಯೂ ಮರೆತಿರಲಿಲ್ಲ. ತನಗಿಂತ ಮೇಲಿನ ದರ್ಜೆಯ ಭುಜದ ಪಟ್ಟಿ ನೆನಪಾದರೆ ಮಾತ್ರ ಅವನ ಕೈ ಕಟ್ಟಿಹೋಗುತ್ತಿತ್ತು. ಅರ್ಧ ಆಯುಷ್ಯ ಹಾಕಿ ಕಲಿತ ವಿದ್ಯೆ, ಎರಡು ವಾರದಲ್ಲಿ ಎಲ್ಲಿ ಬಿಟ್ಟೀತು?

ನಾಯಕ್ ಹೋದ ಮೇಲೆ ನನ್ನ ಹೆಂಡತಿ ಒಳಗಿನಿಂದ ಬಂದು ಜಮಖಾನೆಯ ತುದಿಗೆ ಕೂತಳು. ಅವಳ ತವರೂ ಗುರುಗುಂಟಾ. ಹವಾಲ್ದಾರನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವಳು. ಆದರೆ ಅವನು ನನ್ನ ಕೈಕೆಳಗಿನ ದರ್ಜೆಯವನೆಂದು ಅವಳನ್ನು ಮೇಮ್‌ಸಾಬ್ ಎಂದೇ ಕರೆಯುತ್ತ ಬಂದಿದ್ದ.

“ನಿಮ್ಮವ್ವ ಸುಟ್ಟ ರೊಟ್ಟಿ ತಿಂದು ಬೆಳದಾಕಿ ನಾ,” ಎಂದಳು. “ನನಗ ಮೇಮ್‌ಸಾಬ್ ಅಂತೀಯೇನಲೇ? ಊರ ಲೆಕ್ಕದಾಗ ನಾ ನಿನಗ ಏನಾಗಬೇಕು?”

ಅವನು ತಲೆ ಕೆರೆದುಕೊಂಡ. “ಅಕ್ಕ ಆಗ್ತೀರ್ರಿ.”

“ಹಂಗಾರ ಇವರು ಏನಾದ್ರು?”

ಹವಾಲ್ದಾರ ನನ್ನ ಕಡೆ ನೋಡಿದ, ನೆಲ ನೋಡಿದ. “ಮಾಮಾ ಆದ್ರ್ರಿ.”

“ಮಾಮಾಗ ಏನ್ ಮಾಡ್ತಾರ ನಮ್ಮೂರಾಗ?”

ಅವನ ಮುಖದಲ್ಲಿ ಮೊದಲ ಸಲ ಕಿಡಿಗೇಡಿತನ ಇಣುಕಿತು. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎನ್ನುತ್ತೇವೆ. ಮಾಮಾ ಎಂದರೆ ಕಾಡಲಿಕ್ಕೆ ದೇವರೇ ಕೊಟ್ಟ ಮನುಷ್ಯ. ಅವನ ಚಪ್ಪಲಿ ಬಚ್ಚಿಡಬಹುದು, ಮೀಸೆಯನ್ನು ಹಂಗಿಸಬಹುದು, ಹೊಸ ಅಂಗಿಯ ಮೇಲೆ ಓಕುಳಿ ಸುರಿಯಬಹುದು. ಹಿರಿಯರು ನೋಡಿ ನಗುತ್ತಾರೆಯೇ ಹೊರತು ಯಾರೂ ಗದರುವುದಿಲ್ಲ. ನನ್ನ ಲಗ್ನದಲ್ಲಿ ಗುರುಗುಂಟಾದ ಮೈದುನರು ಹಾಸಿಗೆಯಲ್ಲಿ ಹಾಕಿದ್ದ ನೆಗ್ಗಿಲಮುಳ್ಳು ನನಗಿನ್ನೂ ನೆನಪಿದೆ.

“ಇನ್ನ ಈ ಮನ್ಯಾಗ ಸಾಬ್ ಅಂದ್ರ ಚಾ ಇಲ್ಲ” ಎಂದು ಹೆಂಡತಿ ಹುಕುಂ ಹೊರಡಿಸಿದಳು. ಅವಳ ಹುಕುಮಿನ ಮುಂದೆ ನನ್ನದು ಯಾವ ಲೆಕ್ಕ? ಹವಾಲ್ದಾರನಿಗೆ ಚಹಾ ಇಲ್ಲದಿದ್ದರೆ ಕಣ್ಣೇ ಕಾಣುವುದಿಲ್ಲ. ಮೊದಲ ಸಂಜೆ ನಾಚಿಕೊಂಡು, ನುಂಗಿಕೊಂಡು ‘ಮಾಮಾ’ ಎಂದ. ಮೂರನೇ ಸಂಜೆಗೆ ಬಾಯಿ ಸಡಿಲಾಯಿತು, ಅದರ ಹಿಂದೆಯೇ ಕೈಯೂ ಸಡಿಲಾಯಿತು.

“ಏನ್ ಮಾಮಾ, ಬ್ರಿಜ್ ಮ್ಯಾಲ ಪಹರೆ ಇಡೋದು ಬಿಟ್ಟು ಶೇಂಗಾ ತಿನ್ನಾಕತ್ತೀಯೇನು?” ಎನ್ನುತ್ತಲೇ ಮಸ್ಕಿ ಹಳ್ಳದ ಸೇತುವೆ ಒಡೆದ. ನಾನು ಲಾರಿಗಳನ್ನು ಪಾಮನಕಲ್ಲೂರಿನ ಕಡೆಗೆ ತಿರುಗಿಸಿದೆ. ಅದಕ್ಕೇ ಕಾಯುತ್ತಿದ್ದ. “ಮಳಿ ಬಿದ್ದ ಎರಿ ಹೊಲದಾಗ ಎತ್ತಿನ ಗೊರಸ ಬರಂಗಿಲ್ಲ, ನಿನ್ನ ಲಾರಿ ಬರತಾವೇನ್ ಮಾಮಾ? ಅಲ್ಲೇ ಇರ್ಲಿ ಬಿಡು, ಜ್ವಾಳ ಬಿತ್ತೋಣ.” ಹೇಗೋ ಎರಡು ಲಾರಿ ಪಾರಾಗಿ ಸಿಂಧನೂರಿನ ಹತ್ತಿರ ಬಂದರೆ, ಕಾಲುವೆ ಒಡೆದು ಗದ್ದೆಗೆಲ್ಲ ನೀರು ಬಿಟ್ಟು ಕೂತಿದ್ದ.

“ನನ್ನ ತಮ್ಮ ನೋಡ್ರಿ!” ಎಂದು ಹೆಂಡತಿ ಅವನಿಗೆ ಎರಡು ಕಪ್ ಚಹಾ ಕೊಟ್ಟಳು. ನನಗೆ ಕೊಡುವುದನ್ನೇ ಮರೆತಳು. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ಅವತ್ತು ಊಟಕ್ಕೆ ಕೂತಾಗಲೂ ಎಲ್ಲಿ ತಪ್ಪಿದೆ ಎಂದು ರೊಟ್ಟಿಯ ಮೇಲೆ ಬೆರಳಿನಿಂದ ರಸ್ತೆ ಎಳೆಯುತ್ತಿದ್ದೆ. ನೀಲಿಯವನು ಹೀಗೆ ತನ್ನ ತಪ್ಪು ಹುಡುಕುವಂತೆ ಮಾಡುವುದೇ ಕೆಂಪು ಕಡೆಯವನ ಕೆಲಸ ಅಲ್ಲವೇ!

ಆದರೆ ನಾನು ಮಾಮಾ ಆದರೆ ಸಾಕಾಯಿತೇ? ಕರ್ನಲ್ ಸಾಹೇಬರು ಗುರುಗುಂಟಾದ ಅಳಿಯ ಅಲ್ಲವಲ್ಲ.

ಸಾಹೇಬರು ಹೇಳಿದ್ದ ಭಾನುವಾರ ಬಂತು. ಹವಾಲ್ದಾರ ಇಸ್ತ್ರಿ ಅಂಗಿ ಹಾಕಿ ಪರದೆಯ ಮುಂದೆ ಕೂತ. ಸಾಹೇಬರ ಮುಖ ಕಂಡ ಕೂಡಲೇ ಮತ್ತೆ ಏಳಲು ಹೋದ. ಹೆಂಡತಿ ಹಿಂದಿನಿಂದ ಹೆಗಲು ಒತ್ತಿ ಕೂರಿಸಿದಳು. ಮೊದಲ ಮೂರು ನಡೆ ನೋಡಿ ಈ ಕೆಲಸ ಕೈತಪ್ಪಿತೆಂದೇ ಅಂದುಕೊಂಡೆ. ಊರಿಂದ ಊರಿಗೆ ಹಿಂದೆ ಸರಿಯುತ್ತಲೇ ಇದ್ದ. ಸಾಹೇಬರ ನೀಲಿ ಪಡೆ ದಿಬ್ಬಣದಂತೆ ನುಗ್ಗಿ ಬರುತ್ತಿತ್ತು. ಅವರ ಹಿಂದಿನ ರಸ್ತೆ ಉದ್ದಕ್ಕೆ ಬೆಳೆಯಿತು. ಹವಾಲ್ದಾರನ ಬೆರಳು ಅದರ ಮೇಲೆ ಹೋಗಿ ನಿಂತಿತು. ಮುಂದೆ ಹೋಗಲಿಲ್ಲ.

ನಾನು ಪಂಚ, ಬಾಯಿ ಬಿಡುವಂತಿಲ್ಲ. ಹೆಂಡತಿ ಅಕ್ಕಿಯ ಮೊರ ಕೆಳಗಿಟ್ಟು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: “ಆ ಸಾಹೇಬ್ರ ಹೆಣ್ತಿನೂ ಯಾವುದಾರ ಊರಾಗ ಯಾರಿಗಾರ ಅಕ್ಕಾನ ಆಗಿರತಾಳಲ್ಲೋ ತಮ್ಮಾ!”

ಹವಾಲ್ದಾರ ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ಭುಜ ಕುಣಿಸಿ ನಕ್ಕ. ನಗುತ್ತಲೇ ತನ್ನ ಎರಡು ತುಕಡಿಗಳನ್ನು ಎರಡೂ ಬದಿಯಿಂದ ಆ ರಸ್ತೆಗೆ ಇಳಿಸಿದ. “ಹೋಗಿ ಬಾ ಮಾಮಾ” ಎಂದು ಬಾಯಿಬಿಟ್ಟೇ ಅಂದ.

ಸಾಹೇಬರು ಕನ್ನಡಕ ತೆಗೆದು ನಕಾಶೆಗೆ ಮುಖ ಹತ್ತಿರ ತಂದರು. “ನನ್ನ ಮುಂದಿನ ಪಡೆಗೆ ನಾಳೆಯಿಂದ ಊಟ ಇಲ್ಲ” ಎಂದರು. ಆಮೇಲೆ ನನ್ನನ್ನು ಕೇಳಿದರು, ಆತ ಏನೋ ಅಂದನಲ್ಲ, ಏನದು? ನಾನು ತೊದಲುತ್ತ ನಮ್ಮ ಊರುಗಳ ನಂಟಸ್ತಿಕೆಯನ್ನೆಲ್ಲ ಬಿಡಿಸಿ ಹೇಳಿದೆ. ಹವಾಲ್ದಾರ ಬಿಳಿಚಿಕೊಂಡು ಕೂತಿದ್ದ. ಸಾಹೇಬರು ಕುರ್ಚಿ ಅಲುಗುವಂತೆ ನಕ್ಕರು. ಅವರ ಹೆಂಡತಿಯ ತಮ್ಮ ಮದುವೆಯ ದಿನವೇ ಇವರ ಸ್ಕೂಟರಿನ ಗಾಳಿ ಬಿಟ್ಟು ಓಡಿದ್ದನಂತೆ. “ಈ ಯೋಜನೆ ಬರೆದವನು ನಾನೇ ಹವಾಲ್ದಾರ್ ಜೀ. ಈಗ ಮತ್ತೆ ಬರೆಯಬೇಕು. ನೀವು ಯಾವಾಗಿನಿಂದ ಕೆಲಸಕ್ಕೆ ಬರುತ್ತೀರಿ?” ಎಂದು ಕೇಳಿದರು.

ಮಳೆಗಾಲ ಮುಗಿದ ಮೇಲೆ ಹೈದರಾಬಾದಿನಲ್ಲಿ ದೊಡ್ಡ ಆಟವೊಂದು ಇತ್ತು. ನಾವಿಬ್ಬರೂ ಹೋದೆವು. ನೀಲಿ ಕಡೆ ಮೂವರು ನಿವೃತ್ತ ಅಧಿಕಾರಿಗಳು, ಅವರ ಸರಬರಾಜಿಗೆ ನಾನು. ಹವಾಲ್ದಾರ ಒಬ್ಬೊಬ್ಬರ ಮುಂದೆಯೂ ನಿಂತು ಸೆಲ್ಯೂಟ್ ಹೊಡೆದ, ಮನೆಮಂದಿಯ ಕ್ಷೇಮ ಕೇಳಿದ, ಹೋಗಿ ಕೆಂಪು ಮೇಜಿಗೆ ಕೂತ. ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಡೀಸೆಲ್ ಬರುವುದು ನಿಂತುಹೋಗಿತ್ತು.