ಕೋವಿ ಸ್ವಲ್ಪ ಮೇಲೆ, ಸಾರ್!
ಮಡಿಕೇರಿಯ ಸ್ಟುಡಿಯೋ ಧರ್ಮೇಂದ್ರ ಫಾರಿನ್ನಿಗೆ ಹೋದದ್ದು ಒಂದೇ ಸಲ. ಆದರೆ ಊರಿನವರನ್ನು ಅವನು ಅಲ್ಲಿಗೆ ಕರೆದೊಯ್ಯದ ದಿನವಿಲ್ಲ. ಪಾಸ್‌ಪೋರ್ಟ್ ಫೋಟೋಗೆಂದು ಯಾರಾದರೂ ಸ್ಟೂಲಿನ ಮೇಲೆ ಕೂತರೆ ಸಾಕು, "ಯಾವ ದೇಶಕ್ಕೆ? ಅಲ್ಲಿ ಸೇತುವೆ ಫೋಟೋ ತೆಗೀಬೇಡಿ, ಪೊಲೀಸರದ್ದಂತೂ ತೆಗೀಲೇಬೇಡಿ!" ಎಂದು ಶುರು. ಆಮೇಲೆ ಟ್ರೈಪಾಡನ್ನೇ ಬಂದೂಕಿನಂತೆ ಹಿಡಿದು ಇಡೀ ಕಥೆ ಕುಣಿದು ತೋರಿಸುತ್ತಾನೆ. ಎಸ್ಟೇಟ್ ಮನೆಯವರು ಫಾರಿನ್ನಿನಲ್ಲಿ ಮಾಡಿದ ಮದುವೆಯ ಫೋಟೋಗೆಂದು ಹೋದವನಿಗೆ ಅಲ್ಲಿನ ದಾರಿಯ ಚೆಕ್‌ಪೋಸ್ಟಿನಲ್ಲಿ ಸಿಪಾಯಿಯೊಬ್ಬ ಕಂಡ. ಪ್ರತಿ ವರ್ಷ ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತಕ್ಕೆ ಹೂ ಮುಡಿಸಿದ ಕೋವಿಯೊಂದಿಗೆ ಮನೆಮಂದಿಯನ್ನು ನಿಲ್ಲಿಸಿ ಫೋಟೋ ತೆಗೆದ ಕೈ ಇವನದು. ಕೋವಿ ಹಿಡಿದವರೆಲ್ಲ ಫೋಟೋಗೇ ನಿಂತವರು ಎಂದು ಅವನ ಲೆಕ್ಕ. "ಕೋವಿ ಸ್ವಲ್ಪ ಮೇಲೆ, ಸಾರ್! ಸ್ಮೈಲ್!" ಅಂದೇಬಿಟ್ಟ. ಸಿಪಾಯಿ ಎತ್ತಿದ್ದೇನೋ ನಿಜ, ಇವನ ಎದೆಗೆ! ಆಮೇಲೆ ವಿಚಾರಿಸಿ ಬಿಡುವವರೆಗೆ ಕೋಣೆಯೊಂದರಲ್ಲಿ ಕೂಡಿಹಾಕಿದರು. ಹೋದ ವರ್ಷದ ಕಥೆಯಲ್ಲಿ ಒಂದೇ ಬಂದೂಕಿತ್ತು. ಈ ವರ್ಷ ಒಂದು ಪಟಾಲಮ್ಮೇ ಸುತ್ತುವರಿದಿದೆ, ಕೂಡಿಹಾಕಿದ ಕೋಣೆಗೆ ಕಿಟಕಿಯೂ ಇಲ್ಲವಾಗಿದೆ. "ನಾನು ಹೆದರ್ಲೇ ಇಲ್ಲ ಮಾರಾಯ್ರೇ!" ಎಂಬಲ್ಲಿಗೆ ಕಥೆ ಮುಗಿಯುತ್ತದೆ, ಕೇಳಿದವರು ಭೇಷ್ ಎನ್ನುತ್ತಾರೆ. ಆದರೆ ಅವನು ಮರಳಿ ಬಂದ ಮೇಲಿನ ಮೊದಲ ಮದುವೆಯಲ್ಲಿ, ಸಂಪ್ರದಾಯದಂತೆ ಅಂಗಳದಲ್ಲಿ ಗುಂಡು ಹಾರಿಸಿದಾಗ, ಕ್ಯಾಮೆರಾವನ್ನು ಕೊರಳಲ್ಲಿ ನೇತಾಡಲು ಬಿಟ್ಟು ಧರ್ಮೇಂದ್ರ ಎರಡೂ ಕೈ ಮೇಲೆತ್ತಿ ನಿಂತಿದ್ದ. ಮನೆಯ ಹಿರಿಯರೇ ಬಂದು, "ಇಳ್ಸಿ ಧರ್ಮಣ್ಣ, ಇದು ನಮ್ಮನೆ" ಎಂದು ಆ ಕೈಗಳನ್ನು ಮೆಲ್ಲಗೆ ಇಳಿಸಿದರು. ಅಂದಿನಿಂದ ಅವನು ಮಾಡಿದ ಯಾವ ಮದುವೆ ಆಲ್ಬಮ್ಮಿನಲ್ಲೂ ಗುಂಡು ಹಾರಿಸುವ ಫೋಟೋ ಇಲ್ಲ. ಯಾರೂ ಕೇಳಿಯೂ ಇಲ್ಲ.